ಸೆಕೆಂಡ್ ಹ್ಯಾಂಡ್ ಡಾಡ್ಜ್ ಡೆಮನ್ ಕೊಳ್ಳುವ ಮುನ್ನ: ನಂಬರು, ಪೆಟ್ಟಿಗೆ, ಟೈರು, ಕಾಗದ

"2018 ಡಾಡ್ಜ್ ಚಾಲೆಂಜರ್ ಎಸ್‌ಆರ್‌ಟಿ ಡೆಮನ್. ಒಬ್ಬರೇ ಮಾಲೀಕರು. 840 ಎಚ್‌ಪಿ. ಪೆಟ್ಟಿಗೆ ಇಲ್ಲ. ಬೆಲೆ ಮಾತಾಡಬಹುದು."

ಅಮೆರಿಕದಲ್ಲಿ ಹಳೆ ಕಾರಿನ ಜಾಹೀರಾತು ನೋಡುವ ಚಟ ಇರುವವರಿಗೆ ಇಂಥ ಸಾಲುಗಳು ಹೊಸದಲ್ಲ. ಆದರೆ ಈ ನಾಲ್ಕು ಮಾತಿನಲ್ಲೇ ಒಂದು ಎಡವಟ್ಟಿದೆ. ಪೆಟ್ಟಿಗೆ ಅಂದರೆ ಈ ಕಾರಿನ ಜೊತೆ ಕಂಪನಿ ಕೊಟ್ಟ ಸಾಮಾನಿನ ಡಬ್ಬ, 840 ಎಚ್‌ಪಿ (ಹಾರ್ಸ್‌ಪವರ್) ಹೊರತರುವ ಭಾಗಗಳು ಇರುವುದು ಅದರಲ್ಲೇ. ಅದು ಇಲ್ಲ ಅಂದಮೇಲೆ 840 ಎಲ್ಲಿಂದ ಬಂತು? ಮಾರುವವರು ಸುಳ್ಳು ಹೇಳುತ್ತಿರಬಹುದು, ಇಲ್ಲವೇ ಅವರಿಗೇ ಗೊತ್ತಿಲ್ಲದಿರಬಹುದು. ಎರಡರಲ್ಲಿ ಯಾವುದಾದರೂ ನೀವು ಹುಷಾರಾಗಿರಬೇಕು.

ಬೇ ಏರಿಯಾ, ಟೆಕ್ಸಸ್, ನ್ಯೂಜೆರ್ಸಿ, ಡೆಟ್ರಾಯ್ಟ್ ಕಡೆ ನೆಲೆಸಿರುವ ನಮ್ಮವರಲ್ಲಿ ಕಾರಿನ ಹುಚ್ಚು ಇರುವವರು ಕಡಿಮೆಯೇನಿಲ್ಲ. ಮನೆ ಸಾಲ ಒಂದು ಹಂತಕ್ಕೆ ಬಂದು, ಮಕ್ಕಳು ಕಾಲೇಜು ಸೇರಿದ ಮೇಲೆ "ನನಗೂ ಒಂದು ವಿ8 ಬೇಕು" ಅನ್ನುವ ಆಸೆ ತಲೆ ಎತ್ತುತ್ತದೆ. ಆ ಆಸೆ ಡೆಮನ್ ತನಕ ಹೋದರೆ ಈ ಬರಹ ನಿಮಗೆ. ಇದರಲ್ಲಿ ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಈ ಕಾರಿನಲ್ಲಿ ಎಂಜಿನ್‌ಗಿಂತ ಜಾಸ್ತಿ ನೋಡಬೇಕಾದದ್ದು, ಅದರ ಜೊತೆ ಬಂದದ್ದೆಲ್ಲ ಈಗಲೂ ಜೊತೆಗೇ ಇದೆಯಾ ಅನ್ನುವುದನ್ನು.

ಇದು ಎಂಥ ಕಾರು

2017ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಆಟೋ ಶೋ ಹೊತ್ತಿಗೆ ಡಾಡ್ಜ್ ಈ ಕಾರನ್ನು ಹೊರತಂದಿತು. ಒಂದೇ ಮಾಡೆಲ್ ವರ್ಷ, ಒಟ್ಟು 3,300 ಕಾರು. ಅದರಲ್ಲಿ 3,000 ಅಮೆರಿಕಕ್ಕೆ, 300 ಕೆನಡಾಕ್ಕೆ. ಎಲ್ಲವೂ ತಯಾರಾದದ್ದು ಕೆನಡಾದ ಒಂಟಾರಿಯೊದಲ್ಲಿರುವ ಬ್ರಾಂಪ್ಟನ್ ಕಾರ್ಖಾನೆಯಲ್ಲಿ. 6.2 ಲೀಟರ್ ಹೆಮಿ ವಿ8, ಅದರ ಮೇಲೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ 2.7 ಲೀಟರ್ ಸೂಪರ್‌ಚಾರ್ಜರ್. ಬಂಕಿನಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲ್ ಹಾಕಿದರೆ 808 ಎಚ್‌ಪಿ, 100 ಆಕ್ಟೇನ್ ರೇಸ್ ಪೆಟ್ರೋಲ್ ಹಾಕಿದರೆ 840. ಗೇರ್ ಬಾಕ್ಸ್ 8 ಸ್ಪೀಡ್ ಆಟೋಮ್ಯಾಟಿಕ್ ಮಾತ್ರ. ಮ್ಯಾನ್ಯುಯಲ್ ಡೆಮನ್ ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಇದನ್ನು ಮಾಡಿದ್ದು ಕಾಲು ಮೈಲಿ ನೇರ ಓಟಕ್ಕೆ. ಕಂಪನಿ ಹೇಳಿದ ಲೆಕ್ಕ 9.65 ಸೆಕೆಂಡು, ಗೆರೆ ದಾಟುವಾಗ ಗಂಟೆಗೆ 140 ಮೈಲಿ. ಆಗಿನ ಡ್ರ್ಯಾಗ್ ರೇಸ್ ನಿಯಮದ ಪ್ರಕಾರ 10 ಸೆಕೆಂಡಿಗಿಂತ ಬೇಗ ಓಡುವ ಕಾರಿಗೆ ರೋಲ್ ಕೇಜ್ (ಉರುಳಿದರೆ ಒಳಗಿನವರನ್ನು ಕಾಪಾಡುವ ಉಕ್ಕಿನ ಪಂಜರ) ಕಡ್ಡಾಯ. ಕಂಪನಿ ಕೊಟ್ಟ ಕಾರಿನಲ್ಲಿ ಅದು ಇರಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ "ಹೀಗೇ ತಂದರೆ ನಮ್ಮ ಟ್ರ್ಯಾಕಿಗೆ ಬಿಡುವುದಿಲ್ಲ" ಅಂತ ಪತ್ರ ಕೊಟ್ಟಿತು. ಡಾಡ್ಜ್‌ನವರು ಆ ಪತ್ರವನ್ನೇ ಜಾಹೀರಾತು ಮಾಡಿಕೊಂಡರು. ಜಾಣರು!

ಒಂದು ವಿಷಯ ಮೊದಲೇ ತಿಳಿದಿರಲಿ. ಇದು ತಿರುವುಗಳ ಕಾರಲ್ಲ. ಹೊರಡುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳಲಿ ಅಂತ ಸಸ್ಪೆನ್ಷನ್ ಮೆತ್ತಗಿಟ್ಟಿದ್ದಾರೆ. ಟಾಪ್ ಸ್ಪೀಡ್ 168 ಮೈಲಿಗೆ ಕಟ್ಟಿಹಾಕಿದ್ದಾರೆ, ಅಂದರೆ ಇದಕ್ಕಿಂತ ಕಡಿಮೆ ಶಕ್ತಿಯ ಚಾಲೆಂಜರ್ ಆದ ಹೆಲ್‌ಕ್ಯಾಟ್‌ಗಿಂತ ಕಡಿಮೆ. ಬೆಟ್ಟದ ರಸ್ತೆಯಲ್ಲಿ ಮಜಾ ಮಾಡುವ ಆಸೆ ಇದ್ದರೆ ಬೇರೆ ಕಾರು ನೋಡಿ, ದುಡ್ಡೂ ಉಳಿಯುತ್ತದೆ.

ಹೆಜ್ಜೆ 1: ಓಡಿಸಲಿಕ್ಕೋ, ಇಟ್ಟುಕೊಳ್ಳಲಿಕ್ಕೋ?

ಇದನ್ನು ಮೊದಲು ನಿಮ್ಮೊಳಗೇ ತೀರ್ಮಾನ ಮಾಡಿಕೊಳ್ಳಿ. ಎರಡಕ್ಕೂ ಹುಡುಕಬೇಕಾದ ಕಾರು ಬೇರೆ ಬೇರೆ.

ಎಷ್ಟೋ ಡೆಮನ್‌ಗಳು ಶೋರೂಮಿನಿಂದ ನೇರ ಗ್ಯಾರೇಜಿಗೆ ಹೋಗಿ ಕೂತಿವೆ. ಮೀಟರಿನಲ್ಲಿ ಎರಡಂಕಿ ಮೈಲಿ, ಸೀಟಿನ ಮೇಲೆ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಇವುಗಳ ಬೆಲೆಯೂ ಜಾಸ್ತಿ. ಆದರೆ ವರ್ಷಗಟ್ಟಲೆ ನಿಂತ ಕಾರಿಗೆ ಅದರದೇ ರೋಗಗಳಿರುತ್ತವೆ. ಪೆಟ್ರೋಲ್ ಹಳಸುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತದೆ, ಸೀಲುಗಳು ಒಣಗುತ್ತವೆ. ಅಂಥದ್ದನ್ನು ಕೊಂಡು ನೀವು ಓಡಿಸಲು ಶುರು ಮಾಡಿದರೆ, ಕಡಿಮೆ ಮೈಲಿಗೆ ಅಂತ ಕೊಟ್ಟ ಹೆಚ್ಚಿನ ದುಡ್ಡು ಮೊದಲ ಬೇಸಿಗೆಯಲ್ಲೇ ಕರಗಿಹೋಗುತ್ತದೆ.

ನನ್ನ ಒಲವು ಕೆಲವು ಸಾವಿರ ಮೈಲಿ ಓಡಿದ, ವರ್ಷವರ್ಷ ಆಯಿಲ್ ಬದಲಾಯಿಸಿದ ಬಿಲ್ ಇರುವ, ಪೆಟ್ಟಿಗೆ ಪೂರ್ತಿ ಇರುವ ಕಾರಿನ ಕಡೆಗೆ. ಓಡಿಸಿದರೂ ಮನಸ್ಸು ಚುರ್ ಅನ್ನುವುದಿಲ್ಲ, ಮಾರುವಾಗಲೂ ಗಿರಾಕಿ ಸಿಗುತ್ತಾರೆ.

ಹೆಜ್ಜೆ 2: ಅಸಲಿಯೇ ಅಂತ ಖಚಿತ ಮಾಡಿಕೊಳ್ಳಿ

ಅದೇ 2018ರಲ್ಲಿ ಹೆಲ್‌ಕ್ಯಾಟ್‌ಗೂ ಅಗಲ ಫೆಂಡರ್‌ನ ವೈಡ್‌ಬಾಡಿ ಮಾಡೆಲ್ ಬಂತು. ದೂರದಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ. ಡೆಮನ್ ಮಾದರಿಯ ಬಾನೆಟ್, ಡೆಮನ್ ತಲೆಯ ಬ್ಯಾಡ್ಜ್ ಎಲ್ಲ ಹೊರಗೆ ಕೊಳ್ಳಲು ಸಿಗುತ್ತವೆ. ಆದ್ದರಿಂದ ಬ್ಯಾಡ್ಜ್ ನೋಡಿ ನಂಬಬೇಡಿ.

ವಿಐಎನ್ ಅಂದರೆ ಚಾಸಿ ನಂಬರು ಕೇಳಿ. ಕೊಡಲು ಹಿಂದೆಮುಂದೆ ನೋಡುವವರ ಜೊತೆ ವ್ಯವಹಾರವೇ ಬೇಡ. 17 ಅಕ್ಷರ-ಅಂಕಿಗಳ ಆ ನಂಬರು 2ಸಿ3 ಅಂತ ಶುರುವಾಗಬೇಕು. ಹತ್ತನೆಯ ಜಾಗದಲ್ಲಿ ಜೆ ಇರಬೇಕು, ಅದು 2018ರ ಗುರುತು. ಹನ್ನೊಂದನೆಯದು ಎಚ್, ಅಂದರೆ ಬ್ರಾಂಪ್ಟನ್. ಆದರೆ ಇಷ್ಟೇ ಸಾಲದು, ಅದೇ ಕಾರ್ಖಾನೆಯಲ್ಲಿ ಅದೇ ವರ್ಷ ತಯಾರಾದ ಮಾಮೂಲಿ ಚಾಲೆಂಜರ್‌ಗೂ ಇದೇ ಗುರುತುಗಳಿರುತ್ತವೆ. ಆ ನಂಬರು ಹಿಡಿದು ಯಾವುದಾದರೂ ಡಾಡ್ಜ್ ಡೀಲರ್ ಸರ್ವಿಸ್ ಕೌಂಟರಿಗೆ ಹೋಗಿ. ಕಾರು ಯಾವ ಮಾಡೆಲ್, ಯಾವ ಆಪ್ಷನ್‌ಗಳೊಂದಿಗೆ ಹೊರಬಂತು ಅಂತ ಅವರ ಕಂಪ್ಯೂಟರ್ ಹೇಳುತ್ತದೆ.

ಆಮೇಲೆ ಮೂರು ಕಡೆ ನಂಬರು ಹೊಂದಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಡೆಮನ್‌ಗೂ ಕ್ರಮಸಂಖ್ಯೆ ಇರುವ ಪುಟ್ಟ ಫಲಕವಿದೆ. ಪೆಟ್ಟಿಗೆಯ ಮೇಲಿನ ಫಲಕದಲ್ಲಿ ಮೊದಲ ಮಾಲೀಕರ ಹೆಸರು, ಅದೇ ಕ್ರಮಸಂಖ್ಯೆ, ಚಾಸಿ ನಂಬರು ಇರುತ್ತವೆ. ಕಾರು ಯಾರದ್ದು ಅಂತ ಹೇಳುವ ಟೈಟಲ್ ಪತ್ರದಲ್ಲಿ ಚಾಸಿ ನಂಬರು. ಮೂರನ್ನೂ ಒಂದೇ ಸಲಕ್ಕೆ ಫೋಟೋ ತೆಗೆದು ಕಳಿಸಲು ಹೇಳಿ. ಪೆಟ್ಟಿಗೆಯಲ್ಲಿ ಬೇರೆ ಕಾರಿನ ನಂಬರು ಇದ್ದರೆ ಅದು ಎಲ್ಲಿಂದಲೋ ಕೊಂಡು ಸೇರಿಸಿದ ಪೆಟ್ಟಿಗೆ. ಅದಕ್ಕೆ ತಕ್ಕಂತೆ ಬೆಲೆ ಇಳಿಸಿ.

ಹೊಸದಿದ್ದಾಗ ಕಿಟಕಿಗೆ ಅಂಟಿಸಿದ್ದ ವಿಂಡೋ ಸ್ಟಿಕರ್ ಇದ್ದರೆ ಇನ್ನೂ ಚೆನ್ನ. ಅದನ್ನು ಓದುವುದೇ ಒಂದು ತಮಾಷೆ. ಭಾರ ಇಳಿಸಲು ಡೆಮನ್‌ಗೆ ಡ್ರೈವರ್ ಸೀಟು ಒಂದನ್ನೇ ಕೊಟ್ಟಿದ್ದರು. ಪಕ್ಕದ ಸೀಟು ಬೇಕೆಂದರೆ ಆಪ್ಷನ್, ಬೆಲೆ 1 ಡಾಲರ್. ಹಿಂದಿನ ಸೀಟು 1 ಡಾಲರ್. ಡಿಕ್ಕಿಯ ಕಾರ್ಪೆಟ್ 1 ಡಾಲರ್. ಪೆಟ್ಟಿಗೆ 1 ಡಾಲರ್. ಸುಮಾರು 85,000 ಡಾಲರ್ ಕಾರಿನ ಬಿಲ್ಲಿನಲ್ಲಿ ಸಾಲಾಗಿ 1, 1, 1, 1 ಅಂತ ಇರುತ್ತದೆ. ಯಾವ ಸಾಲು ಇದೆ, ಯಾವುದಿಲ್ಲ ನೋಡಿ. ಸ್ಟಿಕರ್‌ನಲ್ಲಿ ಹಿಂದಿನ ಸೀಟು ಇದ್ದು ಕಾರಿನಲ್ಲಿ ಇಲ್ಲ ಅಂದರೆ, ಅದು ಎಲ್ಲಿ ಹೋಯಿತು ಅಂತ ಕೇಳುವ ಹಕ್ಕು ನಿಮಗಿದೆ.

ಹೆಜ್ಜೆ 3: ಪೆಟ್ಟಿಗೆ ತೆರೆಸಿ ನೋಡಿ

ಡೆಮನ್ ಕ್ರೇಟ್ ಅನ್ನುವ ಈ ಪೆಟ್ಟಿಗೆ ಬರೀ ಟೂಲ್ ಬಾಕ್ಸ್ ಅಲ್ಲ. ಒಳಗೆ ಫೋಮ್ ಕೊರೆದು ಒಂದೊಂದಕ್ಕೂ ಜಾಗ ಮಾಡಿದ್ದಾರೆ. ಮುಂದಕ್ಕೆ ಹಾಕುವ ಎರಡು ಸಪೂರ ಡ್ರ್ಯಾಗ್ ಚಕ್ರ, ಹೈಡ್ರಾಲಿಕ್ ಜಾಕ್, ಚಾರ್ಜ್ ಮಾಡುವ ಇಂಪ್ಯಾಕ್ಟ್ ರೆಂಚ್, ಟಾರ್ಕ್ ರೆಂಚ್, ಗಾಳಿ ಅಳೆಯುವ ಗೇಜ್, ಫೆಂಡರ್ ಮೇಲೆ ಹಾಸುವ ಬಟ್ಟೆ, ಬೇರೆ ಏರ್ ಫಿಲ್ಟರ್, ಪಕ್ಕದ ಕನ್ನಡಿ ಬಿಚ್ಚಿದರೆ ಆ ಜಾಗ ಮುಚ್ಚುವ ತಗಡು. ಇವೆಲ್ಲ ಇದ್ದೇ ಇರಲಿ. ಆದರೆ ಮುಖ್ಯವಾದವು ಎರಡು: ಎಂಜಿನ್ ಕಂಟ್ರೋಲರ್ (ಎಂಜಿನ್ ನಡೆಸುವ ಕಂಪ್ಯೂಟರ್), ಮತ್ತು ಡ್ಯಾಶ್‌ಬೋರ್ಡಿಗೆ ಕೂರಿಸುವ ಹೈ ಆಕ್ಟೇನ್ ಬಟನ್.

840 ಎಚ್‌ಪಿ ಗುಟ್ಟು ಇರುವುದು ಇಲ್ಲೇ. ಕಾರ್ಖಾನೆಯಿಂದ ಬಂದ ಕಂಟ್ರೋಲರ್‌ನಲ್ಲಿ ಕಾರು 808ಕ್ಕೆ ನಿಲ್ಲುತ್ತದೆ. ಪೆಟ್ಟಿಗೆಯ ಕಂಟ್ರೋಲರ್ ಕೂರಿಸಿ, 100 ಆಕ್ಟೇನ್ ಪೆಟ್ರೋಲ್ ಹಾಕಿ, ಆ ಬಟನ್ ಒತ್ತಿದಾಗ ಮಾತ್ರ ಉಳಿದ ಶಕ್ತಿ ಹೊರಬರುತ್ತದೆ. ಈಗ ಮೊದಲ ಜಾಹೀರಾತನ್ನು ಇನ್ನೊಮ್ಮೆ ಓದಿ. ಪೆಟ್ಟಿಗೆ ಇಲ್ಲದ 840 ಅಂದರೆ ಮೂರು ಸಾಧ್ಯತೆ. ಕಂಟ್ರೋಲರ್ ಕಾರಿನಲ್ಲಿ ಕೂತಿದೆ, ಮಿಕ್ಕಿದ್ದನ್ನು ಮಾರಿದ್ದಾರೆ. ಇಲ್ಲವೇ ಹೊರಗಿನವರ ಕೈಲಿ ಟ್ಯೂನ್ ಮಾಡಿಸಿದ್ದಾರೆ. ಇಲ್ಲವೇ ಬ್ರೋಷರ್ ನೋಡಿ ಬರೆದಿದ್ದಾರೆ.

ಕಂಟ್ರೋಲರ್ ಬದಲಾಯಿಸಿದ್ದರೆ ಹಳೆಯದನ್ನು ಕೇಳಿ ಪಡೆಯಿರಿ. ಡಬ್ಬಿಯಲ್ಲಿ ಹಾಕಿ ಎಲ್ಲೋ ಕಪಾಟಿನಲ್ಲಿಟ್ಟಿರುತ್ತಾರೆ. "ನಾಳೆ ಕಳಿಸುತ್ತೇನೆ" ಅನ್ನುವ ಮಾತಿಗೆ ಒಪ್ಪಬೇಡಿ, ದುಡ್ಡು ಕೈ ಬದಲಾಗುವ ಮುನ್ನ ಅದು ಕಾರಿನಲ್ಲಿರಲಿ. ಪೆಟ್ಟಿಗೆಗಳು ಬಿಡಿಯಾಗಿಯೂ ಸಾವಿರಾರು ಡಾಲರಿಗೆ ಮಾರಾಟವಾಗುತ್ತವೆ. ಮಾರುವವರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಕಾರು ಒಂದು ಬೆಲೆ, ಪೆಟ್ಟಿಗೆ ಬೇರೆ ಬೆಲೆ ಅಂತ ಮಾತು ಶುರುಮಾಡುವವರೂ ಇದ್ದಾರೆ. ಒಟ್ಟಿಗೇ ಮಾತಾಡಿ.

ಕೀ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೆಂಪು ಕೀ ಹಾಕಿದರೆ ಪೂರ್ತಿ ಶಕ್ತಿ, ಕಪ್ಪು ಕೀ ಹಾಕಿದರೆ 500 ಎಚ್‌ಪಿಗೆ ಮಿತಿ. ಎರಡೂ ಬೇಕು. ಒಂದು ಕೀ ಕಳೆದಿದೆ ಅಂದರೆ ಅದು ಯಾರ ಕೈಲಿದೆ ಅನ್ನುವುದು ಬೆಲೆಗಿಂತ ದೊಡ್ಡ ಪ್ರಶ್ನೆ.

ಹೆಜ್ಜೆ 4: ಕಾಗದಪತ್ರ

ನಮ್ಮ ಊರಿನ ಆರ್‌ಸಿ ಬುಕ್ ಇದ್ದಂತೆ ಅಲ್ಲಿ ಟೈಟಲ್. ಅದು ಕ್ಲೀನ್ ಆಗಿರಬೇಕು. ಸಾಲ್ವೇಜ್ ಅಥವಾ ರೀಬಿಲ್ಟ್ ಅಂತ ಇದ್ದರೆ ಕಾರು ಒಮ್ಮೆ ಜಖಂ ಆಗಿ ವಿಮೆಯವರು ಕೈಬಿಟ್ಟದ್ದು ಅಂತ ಅರ್ಥ. ಅಂಥ ಡೆಮನ್ ಅಗ್ಗಕ್ಕೆ ಸಿಗುತ್ತದೆ, ನಿಮ್ಮಿಂದ ಹೋಗುವಾಗಲೂ ಅಗ್ಗಕ್ಕೇ ಹೋಗುತ್ತದೆ.

ಕೆಲವು ಕಾರುಗಳಿಗೆ ಟೈಟಲ್ಲೇ ಆಗಿರುವುದಿಲ್ಲ. ಡೀಲರ್ ಹೊಸದಾಗಿ ತರಿಸಿ, ಯಾರ ಹೆಸರಿಗೂ ಮಾಡದೆ ಇಟ್ಟುಕೊಂಡ ಕಾರು. ಆಗ ಎಂಎಸ್‌ಒ ಅನ್ನುವ, ತಯಾರಕರು ಕೊಟ್ಟ ಮೂಲಪತ್ರ ಕೈಗೆ ಬರುತ್ತದೆ. ಅದು ಮೂಲ ಪ್ರತಿಯೇ ಆಗಿರಬೇಕು. ಜೆರಾಕ್ಸ್ ತೋರಿಸಿ ಮಾತಾಡುವವರನ್ನು ನಂಬಬೇಡಿ.

ಹಳೆ ಕಾರಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್, ಆಟೋಚೆಕ್ ಎರಡೂ ವರದಿ ತೆಗೆಸಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ. ಆದರೆ ವರದಿಯಲ್ಲಿ ಬರುವುದು ಯಾರೋ ದಾಖಲಿಸಿದ ಅಪಘಾತ ಮಾತ್ರ. ಡ್ರ್ಯಾಗ್ ಟ್ರ್ಯಾಕಿನಲ್ಲಿ ಗೋಡೆಗೆ ತಾಗಿಸಿ ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದ್ದರೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಕೊನೆಗೆ, ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಚಾಸಿ ನಂಬರು ಹಾಕಿದರೆ ಬಾಕಿ ಇರುವ ರೀಕಾಲ್‌ಗಳು (ದೋಷ ಸರಿಪಡಿಸಲು ಕಂಪನಿ ಕಾರನ್ನು ವಾಪಸ್ ಕರೆದದ್ದು) ತೋರುತ್ತವೆ. ಬಿಟ್ಟಿ ಕೆಲಸ, ಎರಡು ನಿಮಿಷ.

ಹೆಜ್ಜೆ 5: ಕಾರನ್ನು ಕಣ್ಣಾರೆ ನೋಡುವುದು

ಇಲ್ಲಿ ಅವಸರ ಬೇಡ. ಸಾಧ್ಯವಾದರೆ ನೀವೇ ವಿಮಾನ ಹತ್ತಿ ಹೋಗಿ. ಆಗದಿದ್ದರೆ ಆ ಊರಿನಲ್ಲೇ ಹೆಲ್‌ಕ್ಯಾಟ್ ಎಂಜಿನ್ ಬಿಚ್ಚಿ ಜೋಡಿಸಿ ಗೊತ್ತಿರುವ ಮೆಕ್ಯಾನಿಕ್ ಹಿಡಿದು ತಪಾಸಣೆ ಮಾಡಿಸಿ. ಮಾರುವವರು ಸೂಚಿಸಿದ ಗ್ಯಾರೇಜ್ ಬೇಡ. ಇದಕ್ಕೆ ಕೆಲವು ನೂರು ಡಾಲರ್ ಆಗುತ್ತದೆ. ಆನೆ ಕೊಳ್ಳಲು ಹೊರಟವರು ಅಂಕುಶದ ದುಡ್ಡಿಗೆ ಯೋಚನೆ ಮಾಡಬಾರದು.

ಟೈರಿನಿಂದ ಶುರುಮಾಡಿ. ಡೆಮನ್ ನಾಲ್ಕೂ ಚಕ್ರಕ್ಕೆ ಕಂಪನಿಯಿಂದ ಬಂದದ್ದು ನಿಟ್ಟೊ ಡ್ರ್ಯಾಗ್ ರೇಡಿಯಲ್, ಅಳತೆ 315/40 ಆರ್18. ಮಂಡಿಯೂರಿ ಕೂತು ಟೈರಿನ ಪಕ್ಕದ ಗೋಡೆ ನೋಡಿ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 4517 ಅಂತಿದ್ದರೆ 2017ರ 45ನೇ ವಾರ ತಯಾರಾದದ್ದು. ಕೆಲವೊಮ್ಮೆ ಆ ಅಂಕಿ ಒಳಗಿನ ಗೋಡೆಯಲ್ಲಿರುತ್ತದೆ, ಟಾರ್ಚ್ ಹಾಕಿ ನೋಡಬೇಕು. ಮೀಟರಿನಲ್ಲಿ 400 ಮೈಲಿ ಇದ್ದು ಟೈರು 2021ರದ್ದಾಗಿದ್ದರೆ, ಹಳೆ ಟೈರು ಎಲ್ಲಿ ಸವೆಯಿತು ಅಂತ ಕೇಳಿ. ಬರ್ನ್‌ಔಟ್‌ಗೆ ಮೈಲಿ ಬೇಕಾಗಿಲ್ಲ, ನಿಂತಲ್ಲೇ ಟೈರು ಮುಗಿಸಬಹುದು. ಈ ಕಾರಿನಲ್ಲಿ ಅದಕ್ಕೇ ಅಂತ ಲೈನ್ ಲಾಕ್ ಬೇರೆ ಇದೆ, ಮುಂದಿನ ಬ್ರೇಕು ಹಿಡಿದು ಹಿಂದಿನ ಚಕ್ರ ಮಾತ್ರ ತಿರುಗುವ ಹಾಗೆ.

ಟೈರು ಅದೇ 2017ರದ್ದೇ ಆಗಿದ್ದರೆ? ಸಂಗ್ರಹಕಾರರಿಗೆ ಖುಷಿ, ಓಡಿಸುವವರಿಗೆ ಅಪಾಯ. ಇಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ. 808 ಎಚ್‌ಪಿ ಕಾರನ್ನು ಅದರ ಮೇಲೆ ಟೆಸ್ಟ್ ಡ್ರೈವ್ ಹೋಗುವಾಗ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ. ಮಳೆ ಬಂದಿದ್ದರೆ ಅವತ್ತು ಓಡಿಸಲೇಬೇಡಿ, ಡ್ರ್ಯಾಗ್ ಟೈರಿಗೆ ನೀರು ಸರಿಸುವ ಗೆರೆಗಳು ತೀರ ಕಡಿಮೆ. ಚಳಿಯಲ್ಲಿಯೂ ಇವು ಹಿಡಿಯುವುದಿಲ್ಲ. ಕೊಂಡಮೇಲೆ ಹಳೆಯವನ್ನು ಜೋಪಾನವಾಗಿ ಎತ್ತಿಟ್ಟು, ಹೊಸ ಸೆಟ್ ಹಾಕಿ ಓಡಿಸಿ.

ಆಮೇಲೆ ಹಿಂದಿನ ಚಕ್ರದ ಕಮಾನಿನ ಒಳಗೆ ಕೈ ಹಾಕಿ ಸವರಿ. ಬರ್ನ್‌ಔಟ್ ಮಾಡಿದ ಕಾರಿನಲ್ಲಿ ಕರಗಿದ ರಬ್ಬರ್ ಚೂರುಗಳು ಅಲ್ಲಿ ಅಂಟಿ ಕೂತಿರುತ್ತವೆ. ಹೊರಗೆಲ್ಲ ಪಾಲಿಶ್ ಹೊಡೆದವರು ಒಳಗೆ ತೊಳೆಯುವುದು ಮರೆತಿರುತ್ತಾರೆ. ರಬ್ಬರ್ ಸಿಕ್ಕಿತು ಅಂದಾಕ್ಷಣ ಕಾರು ಬೇಡ ಅಂತಲ್ಲ, ಇದನ್ನು ಮಾಡಿದ್ದೇ ಅದಕ್ಕೆ. ಆದರೆ "ಭಾನುವಾರ ಮಾತ್ರ ಕಾಫಿ ಕುಡಿಯಲು ಹೋಗುತ್ತಿದ್ದೆ" ಅಂದವರ ಕಾರಿನಲ್ಲಿ ಅದು ಸಿಕ್ಕರೆ, ಅವರ ಬೇರೆ ಮಾತುಗಳನ್ನೂ ತೂಗಿ ನೋಡಬೇಕು.

ಕಾರು ಲಿಫ್ಟ್ ಮೇಲೆ ಏರಲಿ. ಡಿಫರೆನ್ಷಿಯಲ್ ಸುತ್ತ ಆಯಿಲ್ ಜಿನುಗಿದೆಯಾ? ಹಿಂದಿನ ಆಕ್ಸಲ್‌ಗಳ ರಬ್ಬರ್ ಬೂಟು ಹರಿದಿದೆಯಾ? ಕೆಳಗಿನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಇದೆಯಾ? 2,000 ಮೈಲಿ ಓಡಿದ ಕಾರಿನಲ್ಲಿ ಗೇರ್ ಬಾಕ್ಸ್ ಬೋಲ್ಟ್ ಮೇಲಿನ ಬಣ್ಣ ಎದ್ದಿದ್ದರೆ ಅದನ್ನು ಯಾರೋ ಇಳಿಸಿದ್ದಾರೆ. ಯಾಕೆ ಅಂತ ಬಿಲ್ ಸಮೇತ ಉತ್ತರ ಬೇಕು.

ಎಂಜಿನ್ ತಣ್ಣಗಿರುವಾಗಲೇ ನೀವು ಅಲ್ಲಿರಿ. "ನೀವು ಬರುವ ಹೊತ್ತಿಗೆ ಸ್ಟಾರ್ಟ್ ಮಾಡಿ ರೆಡಿ ಇಟ್ಟಿರುತ್ತೇನೆ" ಅಂದರೆ ಬೇಡ ಅನ್ನಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ದರೆ ಕಾಯಿರಿ. ಮೊದಲ ಸ್ಟಾರ್ಟಿನಲ್ಲಿ ಸೂಪರ್‌ಚಾರ್ಜರ್ ಹತ್ತಿರ ಕಿವಿ ಕೊಡಿ. ಸೊಯ್ಯನೆ ಕೂಗುವುದು ಅದರ ಹುಟ್ಟುಗುಣ. ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಗಡಗಡ ಸದ್ದು ಬಂದರೆ ಒಳಗಿನ ಬೇರಿಂಗ್ ಕಡೆ ಅನುಮಾನ ಹೋಗಬೇಕು. ಸೂಪರ್‌ಚಾರ್ಜರ್ ಪುಲ್ಲಿಯನ್ನೂ ನೋಡಿ. ಬೂಸ್ಟ್ ಹೆಚ್ಚಿಸಲು ಚಿಕ್ಕ ಪುಲ್ಲಿ ಹಾಕುವುದು ಈ ಎಂಜಿನ್‌ನಲ್ಲಿ ಸಾಮಾನ್ಯ ಕಿತಾಪತಿ. ಮಾರುವಾಗ ಹಳೇ ಪುಲ್ಲಿ ಮತ್ತೆ ಹಾಕಿದ್ದರೂ ಸುತ್ತಲಿನ ಬೋಲ್ಟುಗಳಲ್ಲಿ ಗುರುತು ಉಳಿದಿರುತ್ತದೆ. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಹಾಕಿಸಿ, ಎಂಜಿನ್ ಕಂಟ್ರೋಲರ್‌ನಲ್ಲಿ ದಾಖಲಾಗಿರುವ ಚಾಸಿ ನಂಬರು ಕಾರಿನದ್ದೇ ಅಂತ ನೋಡಿಸಿ.

ಪೇಂಟ್ ದಪ್ಪ ಅಳೆಯುವ ಗೇಜ್ ಒಂದು ಬೇಕು. ಕಬ್ಬಿಣ, ಅಲ್ಯುಮಿನಿಯಂ ಎರಡನ್ನೂ ಅಳೆಯುವಂಥದ್ದು ತನ್ನಿ. ಕಾರ್ಖಾನೆ ಪೇಂಟ್ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಒಳಗಿರುತ್ತದೆ. ಒಂದು ಬಾಗಿಲು 130, ಪಕ್ಕದ್ದು 350 ಅಂದರೆ ಎರಡನೆಯದಕ್ಕೆ ಮತ್ತೆ ಬಣ್ಣ ಬಿದ್ದಿದೆ. ಅದಕ್ಕೂ ಎಷ್ಟೋ ಮೇಲೆ ಹೋದರೆ ಬಣ್ಣದ ಕೆಳಗೆ ಗುಳಿ ಮುಚ್ಚಿದ ಪುಟ್ಟಿ ಇದೆ. ಗೇಜಿಗೆ ಪ್ಲಾಸ್ಟಿಕ್ ಭಾಗದ ಮೇಲೆ ಏನೂ ಗೊತ್ತಾಗುವುದಿಲ್ಲ, ಅಲ್ಲಿ ಕಣ್ಣೇ ಗತಿ.

ಒಳಗೆ ಕೂತು ಟಚ್ ಸ್ಕ್ರೀನಿನ ಪರ್ಫಾರ್ಮೆನ್ಸ್ ಪೇಜಸ್ ತೆರೆಯಿರಿ. ಕಾಲು ಮೈಲಿ ಓಟದ ಸಮಯಗಳು ಅಲ್ಲಿ ಉಳಿದಿದ್ದರೆ ಒಳ್ಳೆ ಸುಳಿವು. ಅಳಿಸುವುದು ಸುಲಭ, ಹಾಗಾಗಿ ಖಾಲಿ ಇದ್ದರೆ ಏನೂ ಸಾಬೀತಾಗುವುದಿಲ್ಲ.

ಹೆಜ್ಜೆ 6: ಬೆಲೆ

ಹೊಸದಾಗಿದ್ದಾಗ ಕಂಪನಿ ಬೆಲೆ 84,995 ಡಾಲರ್. ಆಗಲೇ ಎಷ್ಟೋ ಡೀಲರ್‌ಗಳು ಮೇಲೆ ಹತ್ತಾರು ಸಾವಿರ ಹಾಕಿ ಮಾರಿದರು. ಅದನ್ನು ತಡೆಯಲು, ಕಂಪನಿ ಬೆಲೆಗೇ ಮಾರಿದ ಕಾರುಗಳನ್ನು ಮೊದಲು ತಯಾರಿಸಿ ಕೊಡುತ್ತೇವೆ ಅಂತ ಡಾಡ್ಜ್ ಹೇಳಿತು. ಆದರೂ ನಿಲ್ಲಲಿಲ್ಲ. ಈಗ ಕಡಿಮೆ ಓಡಿದ, ಪೆಟ್ಟಿಗೆ ಸಮೇತದ ಕಾರು ಲಕ್ಷ ಡಾಲರ್ ದಾಟುವುದು ಮಾಮೂಲು.

ಜಾಹೀರಾತಿನ ಬೆಲೆ ನೋಡಿ ಅಂದಾಜು ಮಾಡಬೇಡಿ. ಕೇಳುವುದಕ್ಕೇನು, ಬಾಯಿಗೆ ಬಂದಷ್ಟು ಕೇಳಬಹುದು. ಬ್ರಿಂಗ್ ಎ ಟ್ರೈಲರ್, ಕಾರ್ಸ್ ಅಂಡ್ ಬಿಡ್ಸ್ ತಾಣಗಳಲ್ಲಿ ಹಳೆ ಹರಾಜುಗಳು ಕೊನೆಗೆ ಎಷ್ಟಕ್ಕೆ ನಿಂತವು ಅಂತ ಎಲ್ಲರಿಗೂ ಕಾಣುತ್ತದೆ. ನಿಮ್ಮ ಮೈಲಿಗೆ ಹತ್ತಿರದ ನಾಲ್ಕೈದು ಕಾರು ಆರಿಸಿ ನೋಡಿ. ಮಾರಾಟವಾಗದೆ ವಾಪಸ್ ಹೋದವನ್ನೂ ನೋಡಿ, ಎಷ್ಟಕ್ಕೆ ಬಿಡ್ ನಿಂತಿತ್ತು ಅನ್ನುವುದು ಮಾತುಕತೆಗೆ ಒಳ್ಳೆ ಆಯುಧ.

ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿನ ಬೆಲೆಯ ಮೇಲೆ ಕೊಳ್ಳುವವರ ಶುಲ್ಕ ಬೇರೆ ಇರುತ್ತದೆ. ಆನ್‌ಲೈನ್ ತಾಣಗಳಲ್ಲಿ ಇದಕ್ಕೆ ಮೇಲ್ಮಿತಿ ಇರುತ್ತದೆ. ಬ್ಯಾರೆಟ್-ಜಾಕ್ಸನ್‌ನಂಥ ದೊಡ್ಡ ಹರಾಜುಗಳಲ್ಲಿ ಶೇಕಡಾ 10 ಅಂತಲೇ ಲೆಕ್ಕ ಇಟ್ಟುಕೊಳ್ಳಿ. 1,30,000ಕ್ಕೆ ಕೂಗಿದರೆ ಕೊಡುವುದು 1,43,000. ವೇದಿಕೆ, ದೀಪ, ಚಪ್ಪಾಳೆಯ ನಡುವೆ ಇದು ಮರೆತೇ ಹೋಗುತ್ತದೆ. 2018ರ ಜೂನ್‌ನಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಕಟ್ಟಕಡೆಯ ಡೆಮನ್, ಕಟ್ಟಕಡೆಯ ಡಾಡ್ಜ್ ವೈಪರ್ ಕಾರಿನ ಜೊತೆ ಸೇರಿ 10 ಲಕ್ಷ ಡಾಲರಿಗೆ ಹೋಯಿತು. ಆ ಹಣ ಹೋದದ್ದು ದಾನಕ್ಕೆ. ಕೆಲವರು ಅದನ್ನೇ ಹೇಳಿಕೊಂಡು ತಮ್ಮ ಕಾರಿನ ಬೆಲೆ ಏರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನೊಂದು ಮಾತು. 2023ರಲ್ಲಿ ಡೆಮನ್ 170 ಬಂತು. ಎಥನಾಲ್ ಬೆರೆಸಿದ ಇ85 ಇಂಧನದಲ್ಲಿ 1,025 ಎಚ್‌ಪಿ. ಅಲ್ಲಿಗೆ 2018ರ ಕಾರು "ಅತಿ ಶಕ್ತಿಶಾಲಿ ಚಾಲೆಂಜರ್" ಅನ್ನುವ ಪಟ್ಟ ಕಳೆದುಕೊಂಡಿತು. "ಇದರ ಮೇಲೆ ಇನ್ನೊಂದಿಲ್ಲ" ಅಂತ ಮಾರುವವರು ಹೇಳಿದರೆ ಈ ಒಂದು ಸಾಲು ನೆನಪಿಸಿ.

ಹೆಜ್ಜೆ 7: ದುಡ್ಡು ಕೊಡುವುದು

ಕಾರಿನ ಮೇಲೆ ಸಾಲ ಇದ್ದರೆ ಟೈಟಲ್ ಬ್ಯಾಂಕಿನಲ್ಲಿರುತ್ತದೆ. ಮಾರುವವರ ಜೊತೆ ಅದೇ ಬ್ಯಾಂಕಿಗೆ ಹೋಗಿ ಅಲ್ಲೇ ತೀರಿಸಿ, ಉಳಿದದ್ದನ್ನು ಅವರಿಗೆ ಕೊಡಿ. ಬೇರೆ ರಾಜ್ಯದವರಾದರೆ ಲೈಸೆನ್ಸ್ ಇರುವ ಎಸ್ಕ್ರೋ ಸಂಸ್ಥೆ (ವ್ಯವಹಾರ ಮುಗಿಯುವ ತನಕ ದುಡ್ಡು ಹಿಡಿದಿಟ್ಟುಕೊಳ್ಳುವ ಮಧ್ಯವರ್ತಿ) ಮೂಲಕ ಮಾಡಿ. ಆದರೆ ಮಾರುವವರು ಕಳಿಸಿದ ಎಸ್ಕ್ರೋ ಲಿಂಕ್ ಒತ್ತಬೇಡಿ, ನೀವೇ ವಿಳಾಸ ಟೈಪ್ ಮಾಡಿ. ನಕಲಿ ಎಸ್ಕ್ರೋ ತಾಣಗಳದ್ದು ಹಳೇ ಆಟ. ಮೀಟರ್ ರೀಡಿಂಗನ್ನು ಟೈಟಲ್ ವರ್ಗಾವಣೆಯಲ್ಲಿ ಬರೆದು ಸಹಿ ಮಾಡುವುದು ಕಾನೂನು, ಅದನ್ನು ಖಾಲಿ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿ.

ಹೆಜ್ಜೆ 8: ಮನೆಗೆ ತರುವುದು, ರಿಜಿಸ್ಟ್ರೇಷನ್

ಮುಚ್ಚಿದ ಟ್ರೈಲರ್, ಲಿಫ್ಟ್ ಗೇಟ್ ಇರುವಂಥದ್ದು. ಲಾರಿ ಹತ್ತಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಸುತ್ತಲೂ ಫೋಟೋ. ಪೆಟ್ಟಿಗೆಯೂ ಅದೇ ಲಾರಿಯಲ್ಲಿ ಬರಲಿ, ಸಾಗಣೆ ಪತ್ರದಲ್ಲಿ ಅದರ ಹೆಸರೂ ಬರೆಸಿ.

ಕ್ಯಾಲಿಫೋರ್ನಿಯಾದವರಿಗೆ ಒಂದು ಎಚ್ಚರಿಕೆ. 7,500 ಮೈಲಿಗಿಂತ ಕಡಿಮೆ ಓಡಿದ ಕಾರನ್ನು ಅಲ್ಲಿನ ನಿವಾಸಿ ಹೊರ ರಾಜ್ಯದಿಂದ ಕೊಂಡು ತಂದರೆ, ಆ ರಾಜ್ಯ ಅದನ್ನು ಹೊಸ ಕಾರು ಅಂತಲೇ ನೋಡುತ್ತದೆ. ಕ್ಯಾಲಿಫೋರ್ನಿಯಾದ ಹೊಗೆ ನಿಯಮಕ್ಕೆ ಒಪ್ಪುವ ಕಾರು ಅಂತ ಬಾನೆಟ್ ಕೆಳಗಿನ ಲೇಬಲ್‌ನಲ್ಲಿ ಇರಬೇಕು. ಕಡಿಮೆ ಮೈಲಿಯ ಡೆಮನ್ ಹುಡುಕುವವರು ಬೀಳುವುದು ಈ ನಿಯಮದ ಒಳಗೇ. ದುಡ್ಡು ಕೊಡುವ ಮೊದಲು ಆ ಲೇಬಲ್‌ನ ಫೋಟೋ ತರಿಸಿಕೊಳ್ಳಿ. ಕೆನಡಾದ 300ರಲ್ಲಿ ಒಂದನ್ನು ಕೊಳ್ಳುವ ಯೋಚನೆ ಇದ್ದರಂತೂ ಇನ್ನೂ ಜಾಸ್ತಿ ವಿಚಾರಿಸಿ, ಗಡಿ ದಾಟಿಸುವ ಕಾಗದಪತ್ರ ಬೇರೆಯೇ ಇದೆ.

"ಆಮೇಲೆ ಬೆಂಗಳೂರಿಗೆ ತಗೊಂಡು ಹೋಗ್ತೀನಿ" ಅನ್ನುವ ಕನಸಿದ್ದರೆ ಈಗಲೇ ಬಿಡಿ. ಭಾರತಕ್ಕೆ ತರುವ ಹಳೆ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು. ಡೆಮನ್ ಎರಡರಲ್ಲೂ ಫೇಲ್. ಊರಲ್ಲಿ ಅಮೆರಿಕದ ವಿ8 ಬೇಕೇಬೇಕು ಅಂದರೆ ಫೋರ್ಡ್ 2016ರಲ್ಲಿ ಬಲಗೈ ಸ್ಟಿಯರಿಂಗ್‌ನಲ್ಲಿ ಅಧಿಕೃತವಾಗಿ ಮಾರಿದ ಮಸ್ಟಾಂಗ್ ಜಿಟಿ ಹುಡುಕಿ, ಅದೇ ನೇರ ದಾರಿ.

ಹೆಜ್ಜೆ 9: ವಿಮೆ, ಕಳ್ಳರು, ಮೊದಲ ವಾರ

ಮಾಮೂಲಿ ವಿಮೆಯಲ್ಲಿ ಕಾರು ಹೋದರೆ ಅವತ್ತಿನ ಮಾರುಕಟ್ಟೆ ಬೆಲೆ ಎಷ್ಟು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಹ್ಯಾಗರ್ಟಿಯಂಥ ಸಂಗ್ರಹ ಕಾರುಗಳ ವಿಮೆಯವರು ಮೊದಲೇ ಒಪ್ಪಿದ ಮೊತ್ತ ಬರೆದುಕೊಡುತ್ತಾರೆ. ಡೆಮನ್‌ಗೆ ಅದೇ ಸರಿ. ಬದಲಿಗೆ, ದಿನಾ ಆಫೀಸಿಗೆ ಓಡಿಸುವಂತಿಲ್ಲ, ರಾತ್ರಿ ಬೀಗ ಹಾಕಿದ ಗ್ಯಾರೇಜಿನಲ್ಲಿರಬೇಕು ಅನ್ನುವಂಥ ಷರತ್ತುಗಳಿರುತ್ತವೆ. ಪೆಟ್ಟಿಗೆಯೂ ವಿಮೆಗೆ ಸೇರಿದೆಯಾ ಅಂತ ಕೇಳಿ ಬರೆಸಿಕೊಳ್ಳಿ.

ಕಳ್ಳರಿಗೆ ಈ ಕಾರುಗಳೆಂದರೆ ಬಲು ಪ್ರೀತಿ. ಅದಕ್ಕೇ ಡಾಡ್ಜ್ 2021ರಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು. ನಾಲ್ಕಂಕಿಯ ಗುಟ್ಟು ನಂಬರು ಒತ್ತದಿದ್ದರೆ ಎಂಜಿನ್ 675 ಆರ್‌ಪಿಎಂ ದಾಟುವುದಿಲ್ಲ, ಸಿಗುವುದು 3 ಎಚ್‌ಪಿಗಿಂತ ಕಡಿಮೆ. ಕದ್ದವನು ತಳ್ಳಿಕೊಂಡು ಹೋಗಬೇಕು ಅಷ್ಟೆ. ಹಿಂದಿನ ಮಾಲೀಕರು ಹಾಕಿಸಿದ್ದಾರಾ ಅಂತ ಡೀಲರ್ ಹತ್ತಿರ ಕೇಳಿ, ಇಲ್ಲದಿದ್ದರೆ ಹಾಕಿಸಿ. ಹಾಕಿಸಿದ್ದರೆ ಆ ನಂಬರು ಬದಲಾಯಿಸಿ.

ಮೊದಲ ವಾರದಲ್ಲೇ ಆಯಿಲ್, ಫಿಲ್ಟರ್ ಬದಲಾಯಿಸಿ. 0ಡಬ್ಲ್ಯೂ-40 ಸಿಂಥೆಟಿಕ್, ಬೇರೇನೂ ಬೇಡ. ಬ್ಯಾಟರಿ ಬಾನೆಟ್ ಕೆಳಗೆ ಹುಡುಕಿ ಒದ್ದಾಡಬೇಡಿ, ಅದು ಡಿಕ್ಕಿಯಲ್ಲಿದೆ. ಚಳಿಗಾಲದಲ್ಲಿ ನಿಲ್ಲಿಸುವುದಾದರೆ ಬ್ಯಾಟರಿ ಇಳಿಯದಂತೆ ಚಾರ್ಜ್ ಮಾಡುತ್ತಿರುವ ಬ್ಯಾಟರಿ ಟೆಂಡರ್ ಚುಚ್ಚಿ, ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಸ್ಟೆಬಿಲೈಜರ್ ಹಾಕಿ. ಟೆಂಡರ್‌ನ ವೈರ್ ಹೊರಬರಲಿ ಅಂತ ಡಿಕ್ಕಿ ಪೂರ್ತಿ ಮುಚ್ಚದೆ ಬಿಟ್ಟಿದ್ದರೆ ಒಳಗಿನ ದೀಪ ಉರಿಯುತ್ತಿಲ್ಲ ಅಂತ ಒಮ್ಮೆ ನೋಡಿಕೊಳ್ಳಿ.